ಒಂಬತ್ತನೇ ಪ್ರಶ್ನೆ

ಆ ಮನೆಗೆ ಯಾವ ಅರ್ಜಿ ಬಂದರೂ ಅಕ್ಕನೇ ತುಂಬಬೇಕು. ನಲ್ಲಿಯ ಸಂಪರ್ಕದಿಂದ ಹಿಡಿದು ಅಪ್ಪನ ಮರಣ ಪ್ರಮಾಣಪತ್ರದವರೆಗೆ ಎಲ್ಲವೂ ಅವಳ ಮುತ್ತಿನಂಥ ಅಕ್ಷರದಲ್ಲೇ ಕಚೇರಿಗೆ ಹೋಗಿದ್ದವು. ಮನೆ ತಮ್ಮನೊಬ್ಬನ ಹೆಸರಿಗೇ ಆಗಲಿ ಎಂಬ ಅರ್ಜಿಯನ್ನೂ ಅವಳೇ ಬರೆದಿದ್ದಳು, ಪುಣ್ಯಾತ್ಗಿತ್ತಿ. "ಒಬ್ಬರ ಹೆಸರಲ್ಲಿದ್ರೆ ಓಡಾಟ ಕಮ್ಮಿ ಅಕ್ಕ. ನೀನಿರೋತನಕ ಹಿಂದಿನ ಕೋಣೆ ನಿಂದೇ," ಅಂದಿದ್ದ ತಮ್ಮ. ಆ ಮಾತನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಆ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಇಪ್ಪತ್ತೆರಡು ವರ್ಷ ಕಳೆದಿದ್ದಳು.

ಈಗ ಮನೆ ಮಾರಾಟಕ್ಕಿತ್ತು. ಬೇರೆ ಮನೆ ಮಾಡಿಕೊಂಡಿದ್ದ ತಮ್ಮ ದಲ್ಲಾಳಿಯನ್ನು ಕರೆದುಕೊಂಡು ಬಂದು, ಅವಳ ಕತ್ತರಿ, ದಾರದುಂಡೆಗಳನ್ನು ಅತ್ತ ಸರಿಸಿ, ಮೇಜಿನ ಮೇಲೆ ಮನೆಯ ವಿವರ ತುಂಬುವ ಅರ್ಜಿ ಹರಡಿದ.

ಅಕ್ಕ ಬರೆಯುತ್ತ ಹೋದಳು. ಹಿಂದಿನ ಗೋಡೆ ಕಟ್ಟಿದ್ದು ಯಾವಾಗ, ಚರಂಡಿ ಹೋಗುವುದು ಎತ್ತ, ಎಲ್ಲ ಅವಳಿಗೆ ಬಾಯಿಪಾಠ. ಒಂಬತ್ತನೇ ಪ್ರಶ್ನೆಗೆ ಪೆನ್ನು ನಿಂತಿತು. ‘ಮನೆಯಲ್ಲಿ ಸದ್ಯ ವಾಸವಿರುವವರು.’

"ಯಾರೂ ಇಲ್ಲ ಅಂತ ಬರಿ," ಅಂದ ತಮ್ಮ, ಕಿಟಕಿಯ ಕಡೆ ನೋಡುತ್ತ. "ಖಾಲಿ ಮನೆ ಅಂದ್ರೇನೇ ಕೊಳ್ಳೋರು ಒಪ್ಪೋದು."

"ಮತ್ತೆ ನಾನು?"

"ಅದೆಲ್ಲ ಆಮೇಲೆ ನೋಡೋಣ. ಬರೀ ಕಾಗದ ತಾನೆ ಅಕ್ಕ."

ಅವನು ಅತ್ತ ಸರಿಸಿದ್ದ ಕತ್ತರಿಯನ್ನು ಅವಳು ತನ್ನ ಕಡೆಗೆ ಎಳೆದುಕೊಂಡಳು. ಆದರೂ ಬರೆದಳು. ತಮ್ಮ ಹೇಳಿದ್ದನ್ನು ಬರೆಯುವುದು ಬಿಟ್ಟು ಆ ಕೈಗೆ ಬೇರೇನು ಗೊತ್ತಿತ್ತು?

ಕೊನೆಯ ಹಾಳೆಗೆ ಒಂದು ಸಾಕ್ಷಿ ಬೇಕಿತ್ತು. "ನೀನೇ ಹಾಕು," ಅಂದ ತಮ್ಮ. ಅವಳು ಸಹಿ ಹಾಕಿ, ಕೆಳಗೆ ರೂಢಿಯಂತೆ ವಿಳಾಸ ಬರೆದಳು. ದಲ್ಲಾಳಿ ಓದಿ ಹುಬ್ಬು ಗಂಟಿಕ್ಕಿದ.

"ಇದೇ ಮನೆ ವಿಳಾಸ ಹಾಕಿದೀರಲ್ಲಮ್ಮ. ಮೇಲೆ ನೋಡಿದ್ರೆ ಇಲ್ಲಿ ಯಾರೂ ಇಲ್ಲ ಅಂತಿದೆ. ಕೊಳ್ಳೋರು ಒಪ್ತಾರಾ?"

"ಏನಕ್ಕ ನೀನು, ಎಲ್ಲ ಕೆಡಿಸಿಬಿಟ್ಟೆ," ಎಂದು ಸಿಡುಕಿದ ತಮ್ಮ.

"ಹಾಗಾದ್ರೆ ನಾನು ಎಲ್ಲಿಯವಳು ಅಂತ ಬರೀಲಿ? ನೀನೇ ಹೇಳು."

ತಮ್ಮ ದಲ್ಲಾಳಿಯ ಮುಖ ನೋಡಿದ. ದಲ್ಲಾಳಿ ಚೀಲದಿಂದ ಅಂಥದ್ದೇ ಇನ್ನೊಂದು ಖಾಲಿ ಅರ್ಜಿ ತೆಗೆದ. "ಸಾಕ್ಷಿಗೆ ನಮ್ಮ ಆಫೀಸಿನವರನ್ನ ಹಾಕಿಸೋಣ ಬಿಡಿ. ಇದನ್ನ ಮಾತ್ರ ಅಮ್ಮನವರೇ ಬರೆದುಕೊಡ್ಲಿ, ಅಕ್ಷರ ಬಹಳ ಚೆನ್ನಾಗಿದೆ."

ತಮ್ಮ ಪೆನ್ನು ಚಾಚಿದ. ಅಕ್ಕ ಮುಟ್ಟಲಿಲ್ಲ.

"ಈ ಸಲ ನೀನೇ ಬರಿ. ನಾನಿಲ್ಲ ಅನ್ನೋದನ್ನ ನಿನ್ನ ಕೈಯಾರೆ ಬರಿ, ನೋಡ್ತೀನಿ."

ಅವನು ಗೊಣಗುತ್ತ ಅವಳ ಸ್ಟೂಲಿನ ಮೇಲೆ ಕೂತ. ಕಾಗೆಕಾಲು ಗುಬ್ಬಿಕಾಲು ಅಕ್ಷರದಲ್ಲಿ ಒಂದೊಂದೇ ಉತ್ತರ ಗೀಚಿದ. ಗೋಡೆಯ ವರ್ಷಕ್ಕೆ ತಡವರಿಸಿ ಅವಳನ್ನೇ ಕೇಳಿದ, ಹೇಳಿದಳು. ಚರಂಡಿಗೂ ಕೇಳಿದ; ಅದನ್ನೂ ಹೇಳಿದಳು. ಒಂಬತ್ತನೆಯದು ಬಂದಾಗ ಅವನ ಪೆನ್ನನ್ನೇ ನೋಡುತ್ತ ನಿಂತಳು.

ಅದಕ್ಕೆ ಅವನು ಯಾರನ್ನೂ ಕೇಳಲಿಲ್ಲ.