ಮರಕ್ಕೆ ಒರಗಿದ ಮನುಷ್ಯ

ನಾನು ಒಂದು ಕಲ್ಲಿನ ಪಾಟಿ. ನಿಮ್ಮ ಕಡೆ ಸ್ಲೇಟು ಅನ್ನುತ್ತೀರೇನೋ. ಧಾರವಾಡದಲ್ಲಿ ನಾನು ಪಾಟಿಯೇ. ಆಂಧ್ರದ ಒಂದು ಗುಡ್ಡದ ಹೊಟ್ಟೆಯಲ್ಲಿ ಪದರು ಪದರಾಗಿ ಮಲಗಿದ್ದ ನಮ್ಮನ್ನು ಉಳಿ ಇಟ್ಟು ಸೀಳಿದರು. ನನ್ನ ಮಗ್ಗುಲಲ್ಲಿದ್ದ ಪದರು ಸೀಳುವಾಗಲೇ ಎರಡಾಯಿತು. ಅದನ್ನು ಎತ್ತಿ ಎಸೆದ ಸದ್ದು ಕೇಳಿದಾಗ ನನಗೆ ಹತ್ತಿದ ಹೆದರಿಕೆ ಈವರೆಗೂ ಬಿಟ್ಟಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ಆಮೇಲೆ ಅಂಚು ನಯ ಮಾಡಿ, ಸುತ್ತ ಕಟ್ಟಿಗೆಯ ಚೌಕಟ್ಟು ಬಡಿದು, ಒಣಹುಲ್ಲಿನ ನಡುವೆ ಇಟ್ಟು ಲಾರಿಗೆ ಹೇರಿದರು.

ಧಾರವಾಡದ ಅಂಗಡಿಯಲ್ಲಿ ನನ್ನನ್ನು ಕೊಂಡದ್ದು ಗಿರಿಜವ್ವ ಮತ್ತು ಗಂಗಾಂಬಿಕೆ ಎಂಬ ಅಕ್ಕತಂಗಿಯರ ಅಪ್ಪ. ಮೊದಲು ಗಿರಿಜವ್ವ ನನ್ನ ಮೇಲೆ ಅಕ್ಷರ ಕಲಿತಳು, ಆಮೇಲೆ ಗಂಗಾಂಬಿಕೆ. ಅಕ್ಕ ಒದ್ದೆ ಬಟ್ಟೆಯಿಂದ ನೀಟಾಗಿ ಒರೆಸುತ್ತಿದ್ದಳು. ತಂಗಿಯದು ಉಗುಳು ಮತ್ತು ಲಂಗದ ಅಂಚು. ಯಾರು ಒರೆಸಿದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಶಾಲೆ ಮುಗಿದು, ಮದುವೆಯಾದಾಗ ಗಂಗಾಂಬಿಕೆ ನನ್ನನ್ನು ಟ್ರಂಕಿನಲ್ಲಿ ಹಾಕಿಕೊಂಡು ಗಂಡನ ಮನೆಗೆ ತಂದಳು. ಅಲ್ಲಿ ಸಿಕ್ಕಿದ ನೌಕರಿ ಎಂದರೆ ಉಪ್ಪಿನಕಾಯಿ ಭರಣಿಯ ಮುಚ್ಚಳ. ಅಕ್ಷರ ಹೊತ್ತವನಿಗೆ ಮಾವಿನಕಾಯಿ ಕಾಯುವ ಕೆಲಸ. ಆದರೂ ಒರೆಸುವವರಿಲ್ಲವೆಂದು ಸಮಾಧಾನವಾಗಿದ್ದೆ.

ಗಂಗಾಂಬಿಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಆ ಕಾಲಕ್ಕೆ ಊರಿನ ನಂಬರುಗಳೆಲ್ಲ ಆಪರೇಟರುಗಳ ನಾಲಗೆಯ ತುದಿಯಲ್ಲಿರಬೇಕಿತ್ತು. ಅವರು ಅದಕ್ಕೊಂದು ಯುಕ್ತಿ ಮಾಡಿಕೊಂಡಿದ್ದರು. ಎರಡು ಎಂದರೆ ಗೂನುಬೆನ್ನಿನ ಮುದುಕಿ, ಏಳು ಎಂದರೆ ಅವಳ ಊರುಗೋಲು. ಹೀಗೆ ಪ್ರತಿ ನಂಬರಿಗೂ ಗುರುತಿನವರನ್ನು ಹಿಡಿದು ಒಂದು ಕಥೆ ಕಟ್ಟುವುದು. ನಿವೃತ್ತಳಾಗುವವರೆಗೂ ಗಂಗಾಂಬಿಕೆಯ ತಲೆ ಆ ಕಥೆಗಳ ಮಂದಿಯಿಂದ ತುಂಬಿ ತುಳುಕುತ್ತಿತ್ತು.

ಒಂದು ವರ್ಷ ನಾಗರ ಪಂಚಮಿಗೆಂದು ಗಿರಿಜವ್ವನನ್ನು ಅವಳ ಮಗ ಗಂಗಾಂಬಿಕೆಯ ಮನೆಗೆ ಕರೆತಂದು ಬಿಟ್ಟ. ಮೆತ್ತಗೆ ಕೂತು ಹಬ್ಬದ ಉಂಡಿ ತಿಂದ ಗಿರಿಜವ್ವ ಬೆರಳು ಒರೆಸಿಕೊಂಡು ಕೇಳಿದಳು:

"ಉಂಡಿ ಭಾಳ ಚಲೋ ಆಗ್ಯಾವ್ರಿ. ನೀವು ಯಾರ ಪೈಕಿ?"

"ಅಕ್ಕಾ, ನಾ ಗಂಗಿ."

"ಗಂಗಿ ಇನ್ನೂ ಸಾಲೀಗೆ ಹೋಗ್ತಾಳ್ರಿ. ಸಣ್ಣಾಕಿ."

ಗಂಗಾಂಬಿಕೆ ಅಡುಗೆಮನೆಗೆ ಬಂದು ಭರಣಿಯ ಮೇಲೆ, ಅಂದರೆ ನನ್ನ ಮೇಲೆ, ಎರಡೂ ಕೈ ಊರಿ ನಿಂತಳು. ಅವರ ಅವ್ವನೂ ಕೊನೆಗೆ ಹೀಗೇ ಆಗಿದ್ದಳು. "ಅವ್ವ ಆತು, ಅಕ್ಕ ಆತು. ಇನ್ನ ಸರದಿ ನಂದು," ಎಂದಳು. ಕೇಳಿದವನು ನಾನೊಬ್ಬನೇ.

ಗಿರಿಜವ್ವ ತೀರಿಕೊಂಡ ಮೇಲೆ ಗಂಗಾಂಬಿಕೆ ನನ್ನನ್ನು ತೊಳೆದು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಇಟ್ಟುಕೊಂಡು ಜಪಾನಿ ಅಕ್ಷರ ಕಲಿಯಲು ಕೂತಳು. ಮೊಬೈಲಿನಲ್ಲಿ ಪಾಠ, ನನ್ನ ಮೇಲೆ ತಾಲೀಮು. ಅವಳ ಗಂಡ ಚನ್ನವೀರಪ್ಪನವರು ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಕಾಲೆಳೆಯುವುದೆಂದರೆ ಅವರಿಗೆ ಊಟಕ್ಕಿಂತ ರುಚಿ.

"ಟಿಕೆಟ್ ಇಲ್ಲದ ಜಪಾನಿಗೆ ಹೊಂಟೀಯಲ್ಲ. ದಂಡ ಹಾಕಬೇಕಾಗ್ತೈತಿ," ಎಂದರು.

"ಗೊತ್ತಿದ್ದ ಅಕ್ಷರ ಕೈ ತಾನ ಬರೀತೈತ್ರಿ. ಗೊತ್ತಿಲ್ಲದ್ದು ಕಲತ್ರ, ತಲಿ ಇನ್ನೂ ಗಟ್ಟಿ ಐತೋ ಇಲ್ಲೋ ತಿಳೀತೈತಿ." ಅವಳು ನಗಲಿಲ್ಲ.

ಆ ಅಕ್ಷರಗಳು ಚಿತ್ರದಂಥವು. ಎಡಕ್ಕೆ ಮನುಷ್ಯ, ಬಲಕ್ಕೆ ಮರ: ಸೇರಿದರೆ ವಿಶ್ರಾಂತಿ. ಗಂಗಾಂಬಿಕೆ ಹಳೆಯ ಎಕ್ಸ್‌ಚೇಂಜಿನ ಯುಕ್ತಿಯನ್ನೇ ಹೂಡಿದಳು. ಮರ ಎಂದರೆ ಅಂಗಳದ ಬೇವು, ಮನುಷ್ಯ ಎಂದರೆ ಉಂಡ ಮೇಲೆ ಅದಕ್ಕೆ ಒರಗಿ ಗೊರಕೆ ಹೊಡೆಯುವ ತನ್ನ ಗಂಡ. ಬಾಗಿಲ ನಡುವೆ ಒಂದು ಕಿವಿ: ಕೇಳುವುದು. ಅದಕ್ಕೆ ಪಕ್ಕದ ಮನೆಯ ಶಂಕ್ರವ್ವನಿಗಿಂತ ಬೇರೆ ಯಾರು ಬೇಕು? ಸೂರಿನ ಕೆಳಗೆ ಹೆಂಗಸು: ನೆಮ್ಮದಿ. ಅಲ್ಲಿ ಗಿರಿಜವ್ವನನ್ನು ಕೂರಿಸಿದಳು. ಕಥೆಯನ್ನು ಬಾಯಿಬಿಟ್ಟು ಹೇಳುತ್ತ ಬರೆಯುವಳು, ಒರೆಸುವಳು, ಕಣ್ಣು ಮುಚ್ಚಿ ಮತ್ತೆ ಬರೆಯುವಳು. ಒರೆಸಿದ್ದಕ್ಕೂ ಬಳಪ ಮತ್ತೆ ತಾಕುವುದಕ್ಕೂ ನಡುವಿನ ಗಳಿಗೆಯಿದೆಯಲ್ಲ, ಅದರಲ್ಲಿ ನಾವಿಬ್ಬರೂ ಉಸಿರು ಹಿಡಿದಿರುತ್ತಿದ್ದೆವು.

ಒಂದೇ ಒಂದು ಅಕ್ಷರವನ್ನು ಅವಳು ಕಲಿಯಲಿಲ್ಲ. ಮೇಲೆ ಸಾವು, ಕೆಳಗೆ ಹೃದಯ: ಮರೆಯುವುದು. "ಇದಕ್ಕ ಯಾರನ್ನ ತರಲಿ?" ಎಂದು ಬಹಳ ಹೊತ್ತು ನೋಡಿ, ಅಂಗೈಯಿಂದಲೇ ಒರೆಸಿಬಿಟ್ಟಳು. ಆ ದಿನ ಪಾಠ ಮುಂದೆ ಹೋಗಲಿಲ್ಲ.

ಉಳಿದವು ಬಂದವು. ರಾಶಿ ರಾಶಿ ಬಂದವು. ಗಂಗಾಂಬಿಕೆಗೆ ಧೈರ್ಯ ಬಂತು, ಚನ್ನವೀರಪ್ಪನವರಿಗೆ ಅವಳಿಗಿಂತ ಹೆಚ್ಚು. ಬಂದವರಿಗೆಲ್ಲ ನನ್ನನ್ನು ಎತ್ತಿ ತೋರಿಸುವರು. ಆದರೆ ನಾನು ಬೇರೆಯೊಂದನ್ನು ಕೇಳಿಸಿಕೊಳ್ಳುತ್ತಿದ್ದೆ. ಅಕ್ಷರ ತಪ್ಪುತ್ತಿರಲಿಲ್ಲ, ಕಥೆ ಸವೆಯುತ್ತಿತ್ತು. ಬಾಗಿಲಿಗೆ ಕಿವಿಯಿಟ್ಟ ಶಂಕ್ರವ್ವ ಮೊದಲು ಬಾಗಿಲಿಗೆ ಕಿವಿಯಿಟ್ಟ ಓಣಿಯಾಕೆಯಾದಳು, ಆಮೇಲೆ ಯಾರೋ ಒಬ್ಬಾಕೆ. ಸೂರಿನ ಕೆಳಗೆ ಗಿರಿಜವ್ವನ ಬದಲು ಬರೀ ಒಂದು ಹೆಂಗಸು ಕೂತಿದ್ದಳು. ಗೋಡೆಯ ಗೂಟ ಕಳಚಿದ ಮೇಲೂ ಅದಕ್ಕೆ ಹಾಕಿದ ಅಂಗಿ ಹಾಗೇ ನಿಂತಿದ್ದರೆ ನಿಮಗೆ ಹೇಗಾದೀತು? ನನಗೆ ಹಾಗಾಯಿತು. ಕೂಗಬೇಕೆನಿಸಿತು. ಪಾಟಿಗೆ ಎದೆಯಿದೆ, ಬಾಯಿಲ್ಲ.

ಬಾಯಿದ್ದ ಶಂಕ್ರವ್ವ ಒಂದು ದಿನ ಬಂದಳು. "ಅಣ್ಣಾರ, ಗಂಗಕ್ಕ ನಿನ್ನೆ ನನ್ನ ಗುರುತ ಹಿಡೀಲಿಲ್ಲ. ದವಾಖಾನಿಗೆ ತೋರಸ್ರಿ," ಎಂದಳು.

"ಜಪಾನಿ ಬರಿಯಾಕಿಗೆ ಏನ್ ಆಗಿರ್ತೈತಿ ತಂಗಿ? ಯಾವದೋ ಧ್ಯಾನದಾಗ ಇದ್ದಿರಬೇಕು," ಎಂದು ಚನ್ನವೀರಪ್ಪನವರು ನನ್ನನ್ನು ಅವಳ ಮುಂದೆ ಹಿಡಿದರು. ಎಲ್ಲ ನೆಟ್ಟಗಿದೆ ಎಂಬುದಕ್ಕೆ ನಾನೇ ಸಾಕ್ಷಿಯಾದೆ. ಸುಳ್ಳುಸಾಕ್ಷಿ ಹೇಳುವವರಿಗೆ ಹೀಗೇ ಮೈ ಬೆವರುತ್ತದೇನೋ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಗಂಗಾಂಬಿಕೆ ವಿಶ್ರಾಂತಿಯ ಅಕ್ಷರ ಬರೆದಳು. ಗೆರೆ ಒಂದೂ ಅಲುಗಿರಲಿಲ್ಲ. ಚನ್ನವೀರಪ್ಪನವರು ಎಲೆಯಡಿಕೆ ಮೆಲ್ಲುತ್ತ, ತಮ್ಮ ಹೆಸರು ಕೇಳುವ ಆಸೆಯಿಂದ, "ಮರಕ್ಕ ಒರಗಿದಾವ ಯಾರದು?" ಎಂದರು.

ಅವಳು ಬೇವಿನ ಕಡೆ ನೋಡಿದಳು. "ಯಾರೋ ಮುದುಕರ್ರಿ. ದಿನಾ ಅಲ್ಲೇ ಕೂಡ್ತಾರ. ಪಾಪ, ಅವರಿಗೆ ಮನಿ ಇಲ್ಲೇನೋ."

ಚನ್ನವೀರಪ್ಪನವರ ದವಡೆ ನಿಂತಿತು. ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಅವರ ಹೆದರಿಕೆ ಎಂಥದೆಂದು ನಾನು ಮೊದಲ ಸಲ ಕಂಡೆ. ಮರುದಿನವೇ ಅವಳನ್ನು ಡಾಕ್ಟರ ಬಳಿ ಕರೆದೊಯ್ದರು. ತಿರುಗಿ ಬಂದವರು ಕಾಲೆಳೆಯುವುದನ್ನು ಬಿಟ್ಟುಬಿಟ್ಟರು.

ಕೆಲವು ದಿನ ಅವಳಿಗೆ ಎಲ್ಲ ನೆನಪಿರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ. ಹಾಗೊಂದು ಸಂಜೆ ಚನ್ನವೀರಪ್ಪನವರು ಸಂತೆಗೆ ಹೋಗಿ ಬಂದರೆ ಬಾಗಿಲಿಗೆ ಒಳಗಿನಿಂದ ಚಿಲಕ. ತಟ್ಟಿದರು. ಕಿಟಕಿಯಲ್ಲಿ ಗಂಗಾಂಬಿಕೆಯ ಮುಖ ಕಂಡಿತು.

"ಯಾರ್ರಿ ನೀವು? ಮನ್ಯಾಗ ಗಂಡಸರಿಲ್ಲ. ನಮ್ಮನಿಯವ್ರು ಸಂತಿಗೆ ಹೋಗ್ಯಾರ, ಅವರು ಬಂದಮ್ಯಾಲೆ ಬರ್ರಿ."

"ಗಂಗಾ, ನಾನ. ಬಾಗಲಾ ತಗಿ."

ಅವಳು ಹಿಂದಕ್ಕೆ ಸರಿದಳು. ಪರಪುರುಷ ತನ್ನ ಹೆಸರು ಹಿಡಿದು ಕರೆದರೆ ಹೆಣ್ಣು ಹೆದರುವಂತೆ ಹೆದರಿದಳು. ಬಾಗಿಲಿಗೆ ಏನನ್ನೋ ಎಳೆದು ಆನಿಸಿದ ಸದ್ದು ಕೇಳಿತು. ಹೊರಗೆ ಅವರು, ಒಳಗೆ ಅವಳು. ನಾನು ಹೊರಗೆ ಕಟ್ಟೆಯ ಮೇಲೆ.

ಆಗ ಚನ್ನವೀರಪ್ಪನವರು ನನ್ನನ್ನು ಎತ್ತಿಕೊಂಡರು. ಇಷ್ಟು ದಿನ ಅವಳ ಪಕ್ಕದಲ್ಲಿ ಕೂತು ನೋಡಿದ್ದರೇ ಹೊರತು ಒಂದು ಗೆರೆಯನ್ನೂ ಎಳೆದವರಲ್ಲ. ಬಳಪ ಹಿಡಿದು, ಎಡಕ್ಕೆ ಮನುಷ್ಯ, ಬಲಕ್ಕೆ ಮರ ಬರೆದರು. ಮನುಷ್ಯ ಮುಗ್ಗರಿಸಿದಂತಿದ್ದ, ಮರಕ್ಕೆ ಗಾಳಿ ಬಡಿದಂತಿತ್ತು. ನನ್ನನ್ನು ಕಿಟಕಿಗೆ ಹಿಡಿದರು.

ಅವಳು ಮತ್ತೆ ಕಿಟಕಿಯ ಹತ್ತಿರ ಬಂದು ಒಂದೊಂದೇ ಗೆರೆ ನೋಡಿದಳು. ಆಮೇಲೆ ಮೆಲ್ಲನೆ ಒಂದು ದನಿ: "ವಿಶ್ರಾಂತಿ."

ಅವರು ಅಂಗಳ ದಾಟಿ ಬೇವಿನ ಬುಡದಲ್ಲಿ ಕೂತು ಬೆನ್ನು ಒರಗಿಸಿದರು. ಕಣ್ಣು ಮುಚ್ಚಿದರು. ನಾನು ಅವರ ಮಡಿಲಲ್ಲಿದ್ದೆ. ಕತ್ತಲಾಗುತ್ತ ಬಂತು. ಕೊನೆಗೆ ಚಿಲಕ ಸರಿಯಿತು.

"ಆ ಅಕ್ಷರ ಬರದು ಈ ಮರಕ್ಕ ಕುಂತೀರಿ ಅಂದ್ರ ನೀವು ನಮ್ಮ ಮಂದೀನ ಇರಬೇಕು," ಎಂದಳು ಗಂಗಾಂಬಿಕೆ. "ಒಳಗ ಬರ್ರಿ. ಒಂದು ರೊಟ್ಟಿ ಉಂಡು ಹೋಗ್ರಿ."

ಈಗ ನನಗೆ ಮುಪ್ಪು. ಚೌಕಟ್ಟು ಸಡಿಲಾಗಿದೆ, ಮೂಲೆಯಿಂದ ಒಂದು ಬಿರುಕು ನಡುವಿನತ್ತ ಬರುತ್ತಿದೆ. ಹಗಲೆಲ್ಲ ಚನ್ನವೀರಪ್ಪನವರು ಅವಳ ಶಿಷ್ಯ. ಯಾರೋ ಒಬ್ಬರಿಗೆ ಕಲಿಸುತ್ತಿದ್ದೇನೆ ಎಂದುಕೊಂಡು ಅವಳು ಗದರಿಸಿ ತಿದ್ದುತ್ತಾಳೆ. ಬಾಗಿಲು ಹಾಕಿದ ಸಂಜೆಗಳಲ್ಲಿ ಅವರು ಬರೆದು ತೋರಿಸಿ ಮರದ ಕೆಳಗೆ ಕಾಯುತ್ತಾರೆ. ಕಲ್ಲಿಗೆ ಇದಕ್ಕಿಂತ ಹೆಚ್ಚಿನ ತಿಳಿವಳಿಕೆ ಇಲ್ಲ, ಆದರೂ ಹೇಳುತ್ತೇನೆ: ಮನುಷ್ಯರು ಮರೆವಿಗೆ ಅಷ್ಟೊಂದು ಹೆದರಬಾರದು ಎಂದು ನಾನು ಹೇಳಲಾರೆ. ಹೆದರಬೇಕಾದದ್ದೇ ಅದು. ಮುಂದೊಂದು ಸಂಜೆ ಅವಳ ಕಣ್ಣಿಗೆ ನನ್ನ ಮೇಲಿನ ಗೆರೆಗಳು ಬರೀ ಗೆರೆಗಳಾಗಿ ಕಾಣುತ್ತವೆ. ಅಂದು ಬಾಗಿಲು ತೆರೆಯುವುದಿಲ್ಲ.

ಇಂದು ತೆರೆಯಿತು. ಚನ್ನವೀರಪ್ಪನವರು ಕಾಲು ತೊಳೆದುಕೊಂಡು ತಮ್ಮ ಮನೆಗೇ ಬೀಗರಂತೆ ಒಳಗೆ ಹೋದರು. ಬಡಿಸುತ್ತ ಅವಳು ಹೇಳುವುದು ಕಿಟಕಿಯಿಂದ ಕೇಳಿಸುತ್ತಿದೆ.

"ಲಗೂನ ಉಣ್ರಿ. ನಿಮ್ಮ ಮನ್ಯಾಗ ನಿಮ್ಮಾಕಿ ದಾರಿ ಕಾಯ್ತಿರ್ತಾಳ."

"ಹೂಂ," ಎನ್ನುತ್ತಿದ್ದಾರೆ ಅವರು. "ಕಾಯ್ತಿರ್ತಾಳ."