ಪರರ ಮುಂದಿನ ಮಾತು

ಆ ಭಾನುವಾರ ಬೆಳಗಿನಿಂದ ಪ್ರಮಿಳಾ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಬೆಳಗಾವಿ ಅನಗೋಳದ ಮನೆಯಲ್ಲಿ ಚಹಾಕ್ಕೆ ಇಟ್ಟ ಹಾಲು ಉಕ್ಕಿ ಹರಿಯಿತು. ಒರೆಸಲು ಹೋಗಿ ಕೈ ಸುಟ್ಟುಕೊಂಡಳು. ಓಣಿಯ ತುದಿಯವರೆಗೆ ಹೋದವಳು ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡಿದಳು. ಮೂರನೇ ರೈಲ್ವೆ ಗೇಟಿನಲ್ಲಿ ಖಾನಾಪುರದ ಬಸ್ಸು ಹತ್ತಿ ಕೂತ ಮೇಲೂ ಕಾಲು ತಾನಾಗಿಯೇ ಕುಣಿಯುತ್ತಿತ್ತು. ಪಕ್ಕದ ಹೆಂಗಸು ಎರಡು ಸಲ ಆ ಕಾಲನ್ನೇ ನೋಡಿ, ಮೂರನೇ ಸಲಕ್ಕೆ ಎದ್ದು ಬೇರೆ ಸೀಟಿಗೆ ಹೋದಳು.

ಕಾರಣ ಇಲ್ಲದಿರಲಿಲ್ಲ. ಹನ್ನೊಂದಕ್ಕೆ ಕುಂದಾ ಮೇಡಂ ಬರುವವರಿದ್ದರು. ಬೆಳಗಾವಿಯ ಕ್ಯಾಂಪ್ ಪ್ರದೇಶದ ಹಳೆಯ ಬಂಗಲೆಯೊಂದರಲ್ಲಿ ಆಫೀಸು ಇಟ್ಟುಕೊಂಡ ಟ್ರಸ್ಟಿನವರು ಅವರು. ಆಡುವವರು ಕಡಿಮೆಯಾಗಿ ಕಣ್ಮರೆಯಾಗುತ್ತಿರುವ ಮಾತುಗಳನ್ನು ಉಳಿಸಲು ಆ ಟ್ರಸ್ಟು ಹಣ ಕೊಡುತ್ತಿತ್ತು. ಕೊರವರ ಮಾತನ್ನು ಕೊರವರ ಮಕ್ಕಳಿಗೇ ಕಲಿಸುವ ಪ್ರಮಿಳಾಳ ‘ಮಾತಿನ ಮನಿ’ಗೆ ಒಂದು ವರ್ಷ ಕೊಟ್ಟಿತ್ತು. ಎರಡನೇ ವರ್ಷವೂ ಕೊಡಬೇಕೋ ಬೇಡವೋ ಎಂದು ನೋಡಲು ಮೇಡಂ ಬರುತ್ತಿದ್ದರು. ಆದರೆ ನೋಡಲು ಅಲ್ಲಿ ಏನಿತ್ತು, ಮಣ್ಣು! ಖಾನಾಪುರ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಖೋಲಿ, ಗೋಡೆಗೆ ಅಂಟಿಸಿದ ಚಿತ್ರದ ಹಾಳೆಗಳು, ಒಂದು ಹಾಜರಿ ಪುಸ್ತಕ, ಒಂದು ರೆಕಾರ್ಡರು. ಮತ್ತೆ ಗೋಡೆಗೆ ಒರಗಿ ಕೂತ ಸೋದರತ್ತೆ ಭರಮವ್ವ.

ಭರಮವ್ವನಿಗೆ ಎಂಬತ್ತರ ಹತ್ತಿರ. ಆ ಮಾತನ್ನು ತಡವರಿಸದೆ ಆಡಬಲ್ಲವರು ಓಣಿಯಲ್ಲಿ ಅವಳೂ ಅವಳ ವಾರಿಗೆಯ ಇನ್ನಿಬ್ಬರು ಮುದುಕಿಯರೂ ಅಷ್ಟೇ ಎಂದು ಪ್ರಮಿಳಾ ತಿಳಿದಿದ್ದಳು. ಆದರೆ ಒಂಬತ್ತು ತಿಂಗಳು, ಪ್ರತಿ ಭಾನುವಾರ, ಆ ಖೋಲಿಯಲ್ಲಿ ಕೂತು ಅವಳು ಆಡಿದ್ದೆಲ್ಲ ಕನ್ನಡವೇ. ರೆಕಾರ್ಡರಿನಲ್ಲಿ ಸಿಕ್ಕಿದ್ದು ಕೆಮ್ಮು, ಆಕಳಿಕೆ, ನಡುನಡುವೆ “ಚಾ ಆತೇನು?” ಎಂಬ ಪ್ರಶ್ನೆ.

“ಅತ್ತಿ, ನಿನ್ನ ಕಾಲ ಬೀಳ್ತೀನಿ, ನಮ್ಮ ಮಾತಿನ್ಯಾಗ ಒಂದೀಟು ಹೇಳು,” ಎಂದು ಪ್ರಮಿಳಾ ಗೋಗರೆಯುತ್ತಿದ್ದಳು.

“ಇಲ್ಲಿ ಇರಾವ್ರೆಲ್ಲಾ ನಮ್ಮವ್ರ ಅದಾರಲ್ಲ ಪಮ್ಮಿ. ಅದ್ಯಾಕ ಬೇಕು?” ಎನ್ನುತ್ತಿದ್ದಳು ಮುದುಕಿ.

ಇದು ಅರುಳು ಮರುಳು ಎಂದುಕೊಂಡಿದ್ದಳು ಪ್ರಮಿಳಾ. ಬೆಳಗಾವಿ ಶಹಾಪುರದ ಸಾಲೆಯೊಂದರಲ್ಲಿ ಹದಿನಾರು ವರ್ಷದಿಂದ ಟೀಚರ್ ಆಗಿದ್ದವಳು. ಕಲಿಸುವುದೆಂದರೆ ಖೋಲಿ, ಹಾಳೆ, ಹಾಜರಿ ಎಂದೇ ಅವಳಿಗೆ ಗೊತ್ತು. ಪುಸ್ತಕದಲ್ಲಿ ಹದಿನಾಲ್ಕು ಹೆಸರಿದ್ದವು. ಭಾನುವಾರ ಖಾನಾಪುರದ ಸಂತೆ. ಅರ್ಧ ಮಕ್ಕಳು ಅಜ್ಜಿಯರ ಜೊತೆ ಕಸಬರಿಗೆ ಮಾರಲು ಸಂತೆಗೆ ಹೋಗಿಬಿಡುತ್ತಿದ್ದವು. ಎಲ್ಲರಿಗಿಂತ ಹೆಚ್ಚು ಚಕ್ಕರ್ ಹೊಡೆಯುತ್ತಿದ್ದವಳು ಭರಮವ್ವನ ಮರಿಮಗಳು, ಒಂಬತ್ತು ವರ್ಷದ ಸೃಷ್ಟಿ. ಅವಳ ಹೆಸರಿನ ಮುಂದೆ ಕೆಂಪು ಶಾಯಿಯ ಗೀಟುಗಳು ಸಾಲುಗಟ್ಟಿದ್ದವು. “ಕಸಬರಿಗಿ ಮಾರಿ ಏನ್ ಉದ್ಧಾರ ಆಗ್ತೀ?” ಎಂದು ಪ್ರಮಿಳಾ ಎಷ್ಟೋ ಸಲ ಬೈದಿದ್ದಳು. ಈ ಭಾನುವಾರ ಮಾತ್ರ ಯಾರೂ ಸಂತೆಗೆ ಹೋಗಕೂಡದೆಂದು ತಾಕೀತು ಮಾಡಿದ್ದಳು.

ಇಷ್ಟಕ್ಕೂ ಈ ಉಸಾಬರಿ ಅವಳಿಗೆ ಯಾಕೆ ಬೇಕಿತ್ತು? ಅದಕ್ಕೊಂದು ಗಾಯವಿತ್ತು. ಸಾಲೆಗೆ ಸೇರಿಸುವ ದಿನ ಅವ್ವ ಅವಳ ಬಾಯಿಯ ಮೇಲೆ ಕೈಯಿಟ್ಟು, ನಮ್ಮ ಮಾತು ಹೊರಗೆ ಬರಬಾರದು, ಬಂದರೆ ಎಲ್ಲರಿಗೂ ನಾವು ಯಾರೆಂದು ಗೊತ್ತಾಗುತ್ತದೆ ಎಂದಿದ್ದಳು. ಮಗಳು ಎಷ್ಟು ಜಾಣೆಯೆಂದರೆ ಅದನ್ನು ಪೂರಾ ಬಿಟ್ಟಳು. ಕೇಳಿದರೆ ಎಲ್ಲ ತಿಳಿಯುತ್ತಿತ್ತು, ಆಡಲು ನಾಲಿಗೆ ಹೊರಳುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಬೆಳಗಾವಿಯ ಆಸ್ಪತ್ರೆಯಲ್ಲಿ ಅವ್ವ ಕೊನೆಯ ನಾಲ್ಕು ದಿನ ಕನ್ನಡವನ್ನೇ ಮರೆತಳು. ಗಳಿಗೆಗೊಮ್ಮೆ ತನ್ನ ಮಾತಿನಲ್ಲಿ, ಉಂಡೆಯಾ ಎಂದು ಕೇಳುತ್ತಿದ್ದಳು. “ಹೂಂ ಅವ್ವಾ, ಉಂಡೀನಿ,” ಎಂದು ಪ್ರಮಿಳಾ ಕನ್ನಡದಲ್ಲಿ ಹೇಳುತ್ತಿದ್ದಳು. ಅವ್ವ ಇವಳನ್ನು ನರ್ಸಮ್ಮನನ್ನು ನೋಡುವಂತೆ ನೋಡಿ, ಗೋಡೆಯ ಕಡೆ ಹೊರಳಿ, ನನ್ನ ಮಗಳು ಎಲ್ಲಿ ಎನ್ನುತ್ತಿದ್ದಳು. ಒಂದೇ ಒಂದು ಮಾತು ತಿರುಗಿ ಹೇಳಿದ್ದರೆ ಸಾಕಿತ್ತು. ಹೇಳಲಾಗಲಿಲ್ಲ. ಅವ್ವನ ತಿಥಿ ಮುಗಿದ ವಾರವೇ ಟ್ರಸ್ಟಿನ ಅರ್ಜಿ ತುಂಬಿದ್ದಳು. ಸಿಕ್ಕ ಮಾತನ್ನೆಲ್ಲ ಇಂಟರ್ನೆಟ್ಟಿಗೆ ಹಾಕಬೇಕು, ಯಾರು ಬೇಕಾದರೂ ಕೇಳುವಂತಿರಬೇಕು ಎಂಬ ಶರತ್ತಿಗೂ ಎರಡನೇ ಸಲ ಓದದೆ ಸಹಿ ಹಾಕಿದ್ದಳು.

ಕುಂದಾ ಮೇಡಂ ಹೇಳಿದ ಹೊತ್ತಿಗೇ ಬಂದರು. ಕನ್ನಡಕ, ಕೈಮಗ್ಗದ ಸೀರೆ, ಕಂಕುಳಲ್ಲಿ ಫೈಲು. ಮನೆಮಾತು ಮರಾಠಿ, ಕನ್ನಡವೂ ಸೊಗಸು. “ನೀವು ನಿಮ್ಮಷ್ಟಕ್ಕ ನಡಸ್ರಿ, ನಾ ಇಲ್ಲೆ ಬಾಜೂಕ ಕುಂದರ್ತೀನಿ,” ಎಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು.

ಪ್ರಮಿಳಾ ಕೋಳಿಯ ಚಿತ್ರ ತೋರಿಸಿದಳು. ಮಕ್ಕಳು ಪಿಳಿಪಿಳಿ ನೋಡಿದವು. ಕೊಡದ ಚಿತ್ರ ತೋರಿಸಿದಳು. ಅದೇ ಕಥೆ.

ಆಗ ಭರಮವ್ವ ಬಾಯಿ ತೆರೆದಳು. ಮೇಡಂ ಕಡೆ ನೋಡಿ ಅಕ್ಕರೆಯಿಂದ ನಕ್ಕು, ಕೈಮುಗಿದು, ಬಂದವರನ್ನು ಹರಸುವ ದನಿಯಲ್ಲಿ, ಅಪ್ಪಟ ಕೊರವರ ಮಾತಿನಲ್ಲಿ ಸೃಷ್ಟಿಗೆ ಹೇಳಿದಳು: ಈ ಕನ್ನಡಕದವಳು ಕಾಗದ ತಂದಿದ್ದಾಳೆ, ಕಾಗದ ತಂದವರನ್ನು ನಂಬಬಾರದು, ಹಿತ್ತಲಿನ ಹೊಸ ಕಸಬರಿಗೆಗಳನ್ನು ಮುಚ್ಚಿಡು, ಕಂಡರೆ ಪುಕ್ಕಟೆ ಕೇಳುತ್ತಾಳೆ.

ಸೃಷ್ಟಿ ಕೂತಲ್ಲಿಂದಲೇ ಪಟಕ್ಕನೆ ಅದೇ ಮಾತಿನಲ್ಲಿ ಉತ್ತರ ಕೊಟ್ಟಳು: ಆಗಲೇ ಮುಚ್ಚಿದ್ದೇನೆ, ಆದರೆ ಈಕೆಯ ಮುಖ ನೋಡಿದರೆ ಇಮ್ಮಡಿ ಬೆಲೆ ಕೊಡುವ ಹಾಗೆ ಕಾಣುತ್ತಾಳೆ, ಒಂದು ತರಲೇ? ಸಂತೆಗೆ ಹೋಗುವ ಇನ್ನೂ ನಾಲ್ಕು ಹುಡುಗಿಯರು ಕಿಸಕ್ಕೆಂದರು. ಒಬ್ಬಳು ಬೆಲೆಯನ್ನೂ ಹೇಳಿದಳು.

ಪ್ರಮಿಳಾಳ ಕೈಯಿಂದ ಕೊಡದ ಚಿತ್ರ ಜಾರಿತು. ಕೆಂಪು ಗೀಟಿನ ಹುಡುಗಿಯರೇ ಮಾತಾಡುತ್ತಿದ್ದರು. ತಪ್ಪದೆ ಬಂದ ಮಕ್ಕಳು ಬಾಯಿಬಿಟ್ಟುಕೊಂಡು ಕೂತಿದ್ದವು. ಅವಳಿಗೆ ತಲೆಯ ಮೇಲೆ ಬಡಿದಂತೆ ತಿಳಿಯಿತು. ಈ ಮಾತು ನಮ್ಮನಮ್ಮೊಳಗೆ ಆಡುವುದಲ್ಲ, ಪರರ ಮುಂದೆ ಆಡುವುದು. ಸಂತೆಯಲ್ಲಿ ಗಿರಾಕಿಯ ಎದುರಿಗೇ ಎಷ್ಟಕ್ಕೆ ಬಿಡೋಣ ಎಂದು ಅಜ್ಜಿಯರು ಕೇಳುತ್ತಿದ್ದರು, ಮಕ್ಕಳು ಹೇಳುತ್ತಿದ್ದವು. ಅದೇ ಸಾಲೆ. ತಾನು ಸಂತೆಯ ದಿನವೇ ಪಾಠ ಇಟ್ಟು, ಹೊರಗಿನವರು ಸುಳಿಯದ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು, ಮಾತು ಬಾ ಎಂದರೆ ಎಲ್ಲಿಂದ ಬರಬೇಕು! ಇಂಥ ಪೆದ್ದಿ ಇನ್ನೊಬ್ಬಳಿಲ್ಲ ಎಂದುಕೊಂಡಳು.

ಮುದುಕಿಗೆ ಈಗ ಕಟ್ಟೆಯೊಡೆದಿತ್ತು. ಮೇಡಂ ಮುಖದ ಮೇಲಿನ ಕಣ್ಣು ಕೀಳದೆ ಮಕ್ಕಳಿಗೆ ಹೇಳುತ್ತ ಹೋದಳು: ನನ್ನಪ್ಪ ಏನೂ ಕದ್ದವನಲ್ಲ, ಆದರೂ ಕೊರವನೆಂಬ ಒಂದೇ ಕಾರಣಕ್ಕೆ ದಿನಾ ಠಾಣೆಗೆ ಹೋಗಿ ಹಾಜರಿ ಕೊಡಬೇಕಿತ್ತು. ಹಾಜರಿ ತಪ್ಪಿದ ದಿನ ಫೌಜದಾರ ಬಾಗಿಲಿಗೆ ಬಂದ. ನಮ್ಮವ್ವ ಅವನ ಕಾಲ ಹತ್ತಿರ ಬಿದ್ದು ಎದೆ ಬಡಿದುಕೊಂಡು ಅತ್ತಳು. ದಯೆ ತೋರು ಎನ್ನುತ್ತಿದ್ದಾಳೆಂದು ಅವನು ತಿಳಿದ. ಅವಳು ಹೇಳುತ್ತಿದ್ದದ್ದು ಹಿತ್ತಲಲ್ಲಿದ್ದ ನನ್ನಪ್ಪನಿಗೆ: ಗೋಡೆ ಹಾರು, ಸ್ಟೇಷನ್ ದಾರಿ ಬೇಡ, ಮಲಪ್ರಭೆಯ ದಂಡೆ ಹಿಡಿದು ಹೋಗು. ಅಪ್ಪ ಪಾರಾದ. ಈ ಮಾತು ನಮ್ಮ ಹತ್ತಿರ ಇರುವ ಒಂದೇ ಬಾಗಿಲ ಅಗಳಿ. ಕಲಿಯಿರಿ. ಯಾರಿಗೂ ಕೊಡಬೇಡಿ.

ಕುಂದಾ ಮೇಡಂ ಕಣ್ಣರಳಿಸಿ ಕೂತಿದ್ದರು. ಅವರ ಮಡಿಲಲ್ಲಿ ಫೋನು, ಅದರಲ್ಲಿ ರೆಕಾರ್ಡಿಂಗಿನ ಅಂಕಿಗಳು ಓಡುತ್ತಿದ್ದವು. “ಖರೇ ಬಂಗಾರ ಅದರೀ ಇದು!” ಎಂದು ಪಿಸುಗುಟ್ಟಿದರು. “ಅರ್ಥ ಆಮ್ಯಾಲೆ ಬರಕೊಡ್ರಿ. ನಾಳೀಗೇ ವೆಬ್‌ಸೈಟಿಗೆ ಹಾಕಸ್ತೀನಿ. ಎರಡನೇ ವರ್ಷ ಆತು ಅಂತ ತಿಳ್ಕೋರಿ.”

ಒಂಬತ್ತು ತಿಂಗಳು ಬೇಡಿಕೊಂಡದ್ದು ಕಡೆಗೂ ಸಿಕ್ಕಿತ್ತು. ಸುಮ್ಮನೆ ಕೂತರೆ ಸಾಕಿತ್ತು. ಪ್ರಮಿಳಾಳಿಗೆ ಕೂರಲಾಗಲಿಲ್ಲ. ಯಾರಿಗೂ ಕೊಡಬೇಡಿ ಎಂದ ಮಾತೂ ಅದೇ ಫೋನಿಗೆ ಹೋಗುತ್ತಿತ್ತು. ಗಂಟಲಿಗೆ ಬಂದದ್ದು ಕನ್ನಡವಲ್ಲ. ಅತ್ತೆ, ಸಾಕು ಮಾಡು, ಆಕೆಯ ಫೋನಿಗೆ ಎಲ್ಲ ಹೋಗುತ್ತಿದೆ ಎಂದು, ನಲವತ್ತೊಂದನೇ ವಯಸ್ಸಿನಲ್ಲಿ, ಸಾಲೆ ಸೇರಿದ ಮೇಲೆ ಮೊದಲ ಸಲ ಕೊರವರ ಮಾತಿನಲ್ಲಿ ಅಂದಳು. ಎರಡು ಕಡೆ ತಪ್ಪಿತು. ಸೃಷ್ಟಿ ಬಿದ್ದು ಬಿದ್ದು ನಕ್ಕು ತಿದ್ದಿದಳು.

ಭರಮವ್ವನ ಬಾಯಿ ಟಕ್ಕನೆ ಮುಚ್ಚಿತು. ಸೋದರಸೊಸೆಯನ್ನು ಇವತ್ತೇ ಕಂಡವಳಂತೆ ನೋಡಿದಳು.

“ಯಾಕ ನಿಂತ್ರು ಅಜ್ಜಿ? ನೀವೇನಂದ್ರಿ?” ಮೇಡಂ ಕೇಳಿದರು.

ಸುಳ್ಳು ಹೇಳಬಹುದಿತ್ತು. “ನಿಂದರಸು ಅಂದ್ನಿರಿ,” ಎಂದಳು ಪ್ರಮಿಳಾ. “ಇದು ಎಲ್ಲಾರೂ ಕೇಳೂವಂಥಾದ್ದಲ್ರಿ ಮೇಡಂ. ಮಂದಿಗೆ ತಿಳೀಬಾರದು ಅಂತನ ಇಟ್ಕೊಂಡ ಮಾತಿದು.”

“ಶರತ್ತಿಗೆ ನೀವ ಸಹಿ ಮಾಡೀರಲ್ರಿ?”

“ಮಾಡೀನ್ರಿ. ಅವಾಗ ನನಗ ಏನೂ ಗೊತ್ತಿರಲಿಲ್ಲ.”

ಮೇಡಂ ಕೆಟ್ಟವರಲ್ಲ. ಫೋನನ್ನು ಸೃಷ್ಟಿಯ ಎದುರು ಹಿಡಿದು, ಅವಳ ಬೆರಳಿನಿಂದಲೇ ಅಳಿಸಿದರು. “ನಾ ಏನ್ ತೋರಸ್ಲಿ ಅವರಿಗೆ? ಇನ್ನ ನನ್ನ ಕೈಯಾಗಿಲ್ರಿ,” ಎಂದು ಫೈಲು ಎತ್ತಿಕೊಂಡು ಹೊರಟರು.

ಹೊರಗೆ ಕಾರಿನ ಸದ್ದಾಗುತ್ತಲೇ ಭರಮವ್ವ ಕಾಲು ಚಾಚಿ, “ಚಾ ಆತೇನು?” ಎಂದಳು.

“ಅತ್ತಿ, ಇನ್ನೊಂದ ಮಾತು ಆಡ. ನನ್ನ ಕೂಡ.”

“ಯಾರದಾರ ಇಲ್ಲಿ, ಹುಚ್ಚಿ? ನಮ್ಮವ್ರ ಅದೀವಿ.”

ಪ್ರಮಿಳಾ ಚಪ್ಪಲಿ ಮೆಟ್ಟದೆ ಓಡಿದಳು. ಓಣಿಯ ತಿರುವಿನಲ್ಲಿ ಕಾರಿನ ಗಾಜು ಬಡಿದಳು. ಅದು ಇಳಿಯಿತು. “ಮೇಡಂ, ಮುಂದಿನ ಸಂತಿಗೆ ಬರ್ರಿ! ಫೈಲು ಬ್ಯಾಡ, ಫೋನು ಬ್ಯಾಡ. ಕಸಬರಿಗಿ ಕೊಳ್ಳಾಕ ಬರ್ರಿ. ಸುಮ್ಮ ನಿಂತು ಚೌಕಾಶಿ ಮಾಡ್ರಿ, ಅಷ್ಟ ಸಾಕು.”

ಕುಂದಾ ಮೇಡಂ ಅವಳ ಬರಿಗಾಲು ನೋಡಿದರು. ಮತ್ತೆ ಗಾಜು ಏರಿಸಿದರು.

ಗುರುವಾರ ಟ್ರಸ್ಟಿನ ಪತ್ರ ಬಂತು: ಎರಡನೇ ವರ್ಷವಿಲ್ಲ. ಪ್ರಮಿಳಾ ಹಾಳೆಗಳನ್ನು ಸುತ್ತಿಟ್ಟು ಖೋಲಿಯ ಕೀಲಿ ಮಾಲಕನಿಗೆ ಕೊಟ್ಟಳು. ಭಾನುವಾರ ಸಂತೆಯಲ್ಲಿ ಅತ್ತೆಯ ಪಕ್ಕ ಗೋಣಿತಟ್ಟಿನ ಮೇಲೆ ಕೂತಳು. ಹದಿನಾಲ್ಕೂ ಮಕ್ಕಳು ಬಂದಿದ್ದವು, ಹಾಜರಿ ಕರೆಯುವವರಿರಲಿಲ್ಲ. ಗಿರಾಕಿ ಬಂದಾಗ ಮಾತು ಹೊರಡುತ್ತಿತ್ತು, ಹೋದಾಗ ನಿಲ್ಲುತ್ತಿತ್ತು. ಗಿರಾಕಿಗಳೋ, ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಪ್ರಮಿಳಾ ಬರುವವರ ದಾರಿ ನೋಡಿ ನೋಡಿ ಕತ್ತು ನೋಯಿಸಿಕೊಂಡಳು.

ಮೂರನೇ ಸಂತೆಗೆ ಕುಂದಾ ಮೇಡಂ ಬಂದರು. ಕೈಯಲ್ಲಿ ಒಂದು ಬಟ್ಟೆಯ ಚೀಲ ಮಾತ್ರ. ಕಸಬರಿಗೆಯೊಂದನ್ನು ಎತ್ತಿ ತಿರುವಿ, “ಇದೇನ್ರಿ ಇಷ್ಟ ತೆಳ್ಳಗದ? ಏನ್ ಕೊಡ್ತೀರಿ ಇದಕ್ಕ?” ಎಂದು ಶುರುಮಾಡಿದರು. ಹೆಂಗಸು ಚೌಕಾಶಿಯಲ್ಲಿ ಎತ್ತಿದ ಕೈ. ಭರಮವ್ವನಿಗೆ ಹುರುಪು ಬಂತು. ಈ ಕನ್ನಡಕದವಳು ಮತ್ತೆ ಬಂದಳಲ್ಲ, ಒಂದು ಕಾಸೂ ಬಿಡಬೇಡಿ ಎಂದಳು ತನ್ನ ಮಾತಿನಲ್ಲಿ. ಸೃಷ್ಟಿ ಒಂದು ಮಾತಂದರೆ ಉಳಿದವರು ಹತ್ತಂದರು. ಚಿಕ್ಕ ಮಕ್ಕಳೂ ಒಂದೊಂದು ಮಾತು ಎತ್ತಿಕೊಂಡು ಆಡತೊಡಗಿದವು.

ಆ ಗದ್ದಲದ ನಡುವೆ ಮುದುಕಿ, ಇತ್ತ ತಿರುಗದೆಯೇ, ಅದೇ ಮಾತಿನಲ್ಲಿ ಪ್ರಮಿಳಾಳನ್ನು ಕೇಳಿದಳು: ಉಂಡೆಯಾ?

ಅವ್ವ ಕೇಳಿದ್ದು ಇದನ್ನೇ, ಇದೇ ರಾಗದಲ್ಲಿ. ಪ್ರಮಿಳಾ ಅತ್ತೆಯ ಕಡೆ ತಿರುಗಿದಳು. ಉಂಡೆ, ಎಂದಳು ಕೊರವರ ಮಾತಿನಲ್ಲಿ. ತೊದಲಿತು. ಇನ್ನೊಮ್ಮೆ ಹೇಳಿದಳು: ಉಂಡೆ ಅವ್ವಾ. ಭರಮವ್ವ ತಿದ್ದಲಿಲ್ಲ. ಕೈ ಚಾಚಿ ಅವಳ ಮೊಣಕಾಲ ಮೇಲಿಟ್ಟಳು.

ಅಷ್ಟರಲ್ಲಿ ಬೆಲೆ ಕುದುರಿ, ಮೇಡಂ ಎರಡು ಕಸಬರಿಗೆ ಚೀಲಕ್ಕೆ ಹಾಕಿ ಹೊರಡಲು ತಿರುಗಿದರು. ಪ್ರಮಿಳಾ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ಅವರ ಸೀರೆಯ ಸೆರಗು ಹಿಡಿದಳು.

“ಹೋಗಬ್ಯಾಡ್ರಿ ಮೇಡಂ,” ಎಂದಳು. “ಇನ್ನ ಒಂದೀಟು ನಿಂದರ್ರಿ.”