ಕಪ್ಪಿನ ಮೇಲೆ ಕೆಂಪು

ಒಣಗಿದ ಗಾಜಿನ ಮೇಲೆ ವೈಪರ್ ತಾನೇ ತಾನಾಗಿ ಎದ್ದು, ಕಿರ್ರೆಂದು ಅರ್ಧ ದಾರಿ ಬಂದು ನಿಂತುಬಿಟ್ಟಿತು, ಮಳೆಯಿಲ್ಲ ಮಂಜಿಲ್ಲ, ವಿದ್ಯಾರಣ್ಯಪುರಂನ ಈ ತಗಡಿನ ಶೆಡ್ಡಿನಲ್ಲಿ ಬೆಳಗಿನ ಬಿಸಿಲೊಂದೇ ಇದೆ, ಒರೆಸುವುದಕ್ಕೇನಿದೆ ಇದಕ್ಕೆ ಎಂದುಕೊಂಡಳು ಯಶೋಧಾ, ಡ್ರೈವರ್ ಸೀಟಿನಲ್ಲಿ ಕೂತು, ಕೀ ತಿರುಗಿಸಮ್ಮ ಎಂದಾಗ ತಿರುಗಿಸುತ್ತ, ಸಾಕು ಎಂದಾಗ ಬಿಡುತ್ತ — ಎದುರಿನ ದೀಪಗಳೆಲ್ಲ ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತವೆ, ಹಾರ್ನ್ ಒತ್ತಿದರೆ ಕೂಗುವುದಿಲ್ಲ, ಒತ್ತದಿದ್ದಾಗ ಕೂಗುತ್ತದೆ, ಮೊನ್ನೆಯವರೆಗೂ ಹೇಳಿದ ಮಾತು ಕೇಳಿಕೊಂಡಿದ್ದ ಕಾರು, ಅವಳ ಕಾರು, ಹೊಲಿದ ರವಿಕೆಗಳನ್ನು ಒಂಟಿಕೊಪ್ಪಲ್‌ವರೆಗೂ ತಾನೇ ಒಯ್ದು ಕೊಡಬೇಕೆಂದು ನಲವತ್ತು ದಾಟಿದ ಮೇಲೆ ಕ್ಲಚ್ಚು ಗೇರು ಕಲಿತು ತಂದ ಕಾರು. ಎತ್ತಿದ ಬಾನೆಟ್ಟಿನ ಆಚೆ ಅಶೋಕನ ದನಿ, ಅವಳ ಗಂಡನ ದನಿ, ಎಲೆಕ್ಟ್ರಿಷಿಯನ್ ಮಹದೇವಸ್ವಾಮಿಗೆ ಹೇಳುತ್ತಿದೆ, ನಮ್ಮ ಮನೆಯವಳು ಕಣ್ರೀ, ಪಕ್ಕದ ಮನೆ ಕಾರಿನ ಬ್ಯಾಟರಿಯಿಂದ ಜಂಪ್ ಕೊಡೋವಾಗ ಕೆಂಪು ಕಪ್ಪು ತಂತಿ ಅದಲು ಬದಲು ಮಾಡ್ಬುಟ್ಟಳು, ನಾನು ಅತ್ತ ತಿರುಗಿ ಇತ್ತ ತಿರುಗೋದ್ರೊಳಗೆ — ಯಾರು, ಯಾರು ಹಾಕಿದ್ದು? ಅವಳ ಕೈಯಲ್ಲಿದ್ದದ್ದು ಮೊಬೈಲಿನ ಬೆಳಕು ಮಾತ್ರ. ನಿನ್ನೆ ಮುಸ್ಸಂಜೆ, ಕೃಷ್ಣಮೂರ್ತಿಪುರಂನ ಮನೆಯ ಮುಂದೆ, ಪಕ್ಕದ ಮನೆಯ ಏಕಾಂತಯ್ಯನವರು ತಮ್ಮ ಕಾರನ್ನು ಮೂತಿಗೆ ಮೂತಿ ತಂದು ನಿಲ್ಲಿಸಿ ಒಳಗೇ ಕೂತಿದ್ದರು, ಬಾನೆಟ್ ಅಡ್ಡ, ಅವರಿಗೇನೂ ಕಾಣದು. ದೀಪ ಆರಿಸದೆ ಬಿಟ್ಟು ಬ್ಯಾಟರಿ ಇಳಿಸಿದವಳು ತಾನೇ, ಹೌದು, ಅಷ್ಟನ್ನು ಒಪ್ಪಿಕೊಂಡಿದ್ದಾಳೆ. ಆದರೆ ಆ ತಂತಿ, ಹಲ್ಲುಕಿರಿದ ಆ ಕ್ಲಿಪ್ಪು ಅಶೋಕನ ಕೈಯಲ್ಲಿತ್ತು, ಬ್ಯಾಟರಿಯ ಮೇಲೆಲ್ಲ ಬಿಳೀ ಬೂಷ್ಟು, ಪ್ಲಸ್ಸು ಮೈನಸ್ಸಿನ ಗುರುತು ಮುಚ್ಚಿಹೋಗಿದೆ, ಅವನು ಒಂದು ಗಳಿಗೆ ತಡೆದ, ಕ್ಲಿಪ್ಪನ್ನು ಬೆಳಕಿಗೆ ಹಿಡಿದ, ಸರಿ ತಾನೆ ಅಂದ, ಅವಳು ಅವನ ಮುಖ ನೋಡಿಕೊಂಡು, ನೀವು ಹಾಕಿದ ಮೇಲೆ ಸರಿಯೇ ಬುಡಿ ಅಂದಳು — ಕೆಂಪು ಕ್ಲಿಪ್ಪು ಕಪ್ಪು ತಂತಿಯ ತುದಿಯ ಮೇಲೆ ಇಳಿಯುತ್ತಿದ್ದುದನ್ನು ಕಣ್ಣು ನೋಡಿತ್ತು, ಮನಸ್ಸು ನೋಡಿರಲಿಲ್ಲ — ಛಟ್ಟೆಂದು ಕಿಡಿ, ಸುಟ್ಟ ವಾಸನೆ, ಆಮೇಲೆ ಅವನು, ಏಕಾಂತಯ್ಯನವರಿಗೆ ಕೇಳುವ ಹಾಗೆ, ಎಂಥ ಕೆಲಸ ಮಾಡ್ಬುಟ್ಟೆ ಯಶೋಧಾ.

ತಾನು ಕೇಳಿದ್ದು ತಪ್ಪೇನೋ ಎಂದುಕೊಂಡಿದ್ದಳು, ಏಕಾಂತಯ್ಯನವರು ಇಳಿದು ಬಂದು, ಪರವಾಗಿಲ್ಲ ಬುಡಮ್ಮ, ಹೆಂಗಸರಿಗೆ ಇವೆಲ್ಲ ಎಲ್ಲಿ ಗೊತ್ತಾಗ್ತವೆ ಎಂದು ಸಮಾಧಾನ ಹೇಳಿದಾಗಲೂ ಬಾಯಿ ಬಿಡಲಿಲ್ಲ, ಗಂಡಸಿನ ಮರ್ಯಾದೆ ಪಕ್ಕದ ಮನೆಯವರ ಮುಂದೆ ಹೋಗಬಾರದು ನೋಡಿ, ಒಳಗೆ ಹೋದ ಮೇಲೆ ತಾನೇ ನಕ್ಕು ಸರಿಮಾಡುತ್ತಾನೆ ಅಂದುಕೊಂಡಳು. ನಗಲಿಲ್ಲ. ಊಟಕ್ಕೆ ಕೂತವನು, ಇದು ರಿಪೇರಿಯಾದ ಮೇಲೆ ಕೀ ನನ್ನ ಹತ್ರಾನೇ ಇರ್ಲಿ, ನೀನು ಕಾರಿನ ತಂಟೆಗೆ ಹೋಗಬೇಡ ಅಂದ, ಸಾರಿನಲ್ಲಿ ಅನ್ನ ಕಲೆಸುತ್ತ ಅಂದ, ಅತ್ತೆ ಮುದ್ದಮ್ಮ ತಲೆ ಎತ್ತದೆ ಉಪ್ಪಿನಕಾಯಿ ಬಡಿಸಿದರು, ಯಾಕೆ ಎತ್ತಲಿಲ್ಲ ತಲೆ, ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ಅತ್ತೆ — ಸಾರ್, ಆ ಸ್ಟೂಲ್ ಮೇಲೆ ಕೆಂಪು ಕ್ಲಿಪ್ ಅದೆ, ಇತ್ತ ಕೊಡಿ, ಮಹದೇವಸ್ವಾಮಿಯ ದನಿ ಎಂಜಿನ್ನಿನ ಒಳಗಿನಿಂದ ಬಂತು. ಸ್ಟೂಲು ಇವಳ ಕಿಟಕಿಯ ಪಕ್ಕದಲ್ಲೇ ಇದೆ, ಎರಡು ಕ್ಲಿಪ್ಪು, ಒಂದು ಕೆಂಪು, ಒಂದು ಕಪ್ಪು, ಹಾಡುಹಗಲು. ಅಶೋಕನ ಕೈ ಬಂತು. ಒಂದರ ಮೇಲೆ ಆಡಿತು, ಇನ್ನೊಂದರ ಮೇಲೆ ಆಡಿತು, ಒಂದನ್ನೆತ್ತಿ ಬಿಸಿಲಿಗೆ ಹಿಡಿದು ಮತ್ತೆ ಇಟ್ಟಿತು. ಯಶೋಧಾ, ಇಳಿದು ಬಂದು ಅದನ್ನ ಎತ್ತಿ ಕೊಡು, ನನ್ನ ಕೈ ಕೊಳೆಯಾಗಿದೆ. ಕೈಯಲ್ಲಿ ಕೊಳೆಯಿರಲಿಲ್ಲ. ಅಯ್ಯೋ, ಇವರಿಗೆ ಕಾಣುವುದಿಲ್ಲ, ಕೆಂಪು ಇವರ ಕಣ್ಣಿಗೆ ಕಪ್ಪಾಗಿಯೇ ಕಾಣುತ್ತದೆ, ನಿನ್ನೆ ಮೊನ್ನೆಯದಲ್ಲ, ಹುಟ್ಟಿನಿಂದ — ದಾರ ತರಲು ಕಳಿಸಿದರೆ ಯಾವಾಗಲೂ ಬಟ್ಟೆಯ ಚೂರನ್ನೇ ಅಂಗಡಿಯವನ ಕೈಗೆ ಕೊಟ್ಟು ಮ್ಯಾಚ್ ಮಾಡಿಸಿ ತರುತ್ತಿದ್ದ, ಎಂಥ ಮುತುವರ್ಜಿ ನನ್ನ ಗಂಡನಿಗೆ ಎಂದು ಗಿರಾಕಿಗಳ ಮುಂದೆ ಹೇಳಿಕೊಂಡು ಮೆರೆದಿದ್ದಳಲ್ಲ, ಅಗ್ರಹಾರ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಸಂಜೆ ಬಿಸಿಲು ಎದುರಿಗಿದ್ದರೆ, ಬಿಟ್ರಾ ಎಂದು ಕೇಳುವನು, ಬಿಟ್ರು ಹೋಗಿ ಎಂದು ಇವಳು ಹೇಳುವಳು, ಮನೆ ಒಕ್ಕಲಿಗೆ ಉಡಲೆಂದು ತಾನೊಬ್ಬನೇ ಹೋಗಿ ಕುಂಕುಮದ ಬಣ್ಣದ ಸೀರೆ ತಂದೆ ಅಂದವನು ಬಿಚ್ಚಿ ತೋರಿಸಿದರೆ ಕಪ್ಪೋ ಕಪ್ಪು, ಇವಳು ನಗುವುದರೊಳಗೆ ಮುದ್ದಮ್ಮ ಬಂದು ಮಡಿಸಿ, ಅಂಗಡಿಯೋರು ಬೇರೆ ಕಟ್ಟಿ ಕೊಟ್ಟವ್ರೆ ಕಣಮ್ಮ, ನಾನು ಬದಲಾಯಿಸ್ಕೊಂಡು ಬತ್ತೀನಿ ಎಂದು ಚೀಲ ಹಿಡಿದು ಹೊರಟೇ ಹೋದರು, ಅಶೋಕನಿಗೆ ಒಂದು ಮಾತೂ ಅನ್ನಲಿಲ್ಲ. ಅತ್ತೆಗೆ ಗೊತ್ತಿತ್ತು. ಅವತ್ತೂ ಗೊತ್ತಿತ್ತು, ನಿನ್ನೆ ಉಪ್ಪಿನಕಾಯಿ ಬಡಿಸುವಾಗಲೂ ಗೊತ್ತಿತ್ತು, ತಾಯಿ ಮಗ ಒಂದು ಮನೆಯೊಳಗೆ ಇನ್ನೊಂದು ಮನೆ ಕಟ್ಟಿಕೊಂಡಿದ್ದಾರೆ, ಅದರ ಬಾಗಿಲು ಇವಳಿಗೆ ತೋರಿಸಿಯೇ ಇಲ್ಲ. ಹೊಸದಾಗಿ ಏನು ಹೊಲಿದು ತೊಟ್ಟುಕೊಂಡು ಬಂದು ನಿಂತರೂ, ಹೆಂಗಿದೆ ಅಂದರೆ, ನಿನಗೆ ಒಪ್ಪುತ್ತೆ ಬುಡು, ಇಷ್ಟೇ, ಇಷ್ಟು ವರ್ಷವೂ ಇಷ್ಟೇ, ಆ ಒಂದು ಮಾತಿಗಾಗಿ ಕನ್ನಡಿಯನ್ನೂ ನೋಡದೆ ಓಡಿ ಬರುತ್ತಿದ್ದಳು ಅವನ ಮುಂದೆ.

ಇಳಿದಳು, ಕೀಯನ್ನು ಹಿಡಿದುಕೊಂಡೇ ಇಳಿದಳು, ಕೆಂಪು ಕ್ಲಿಪ್ಪನ್ನೆತ್ತಿ ಮಹದೇವಸ್ವಾಮಿಗೆ ಕೊಟ್ಟಳು, ಅವನು ತೆಗೆದುಕೊಳ್ಳುತ್ತ, ಇದೇ ನೋಡಮ್ಮ ಕೆಂಪು, ಇನ್ನೊಂದ್ಸಲ ನೆನಪಿಟ್ಕೊಳ್ಳಿ, ಒಂದೇ ಕಿಡಿಗೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರೂ ಹೋಗ್ಯದೆ, ಒಳಗೆ ಇನ್ನೇನೇನು ಸುಟ್ಟದೋ ಒಂದೊಂದೇ ಬಿಚ್ಚಿ ನೋಡಬೇಕು ಎಂದು ಬುದ್ಧಿ ಹೇಳಿದ, ಬಣ್ಣದ ಮೇಲೆ ಬಣ್ಣ ಕೂಡಿಸಿ ಬದುಕುವ ಯಶೋಧಾಳಿಗೆ ಕೆಂಪು ಯಾವುದೆಂದು ಹೇಳಿಕೊಟ್ಟ, ಅಶೋಕ ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಂಡ. ಈಗಲಾದರೂ, ಇಲ್ಲ ಮಹದೇವಸ್ವಾಮಿ, ಹಾಕಿದ್ದು ನಾನು — ಇಲ್ಲ. ಕಾಣದಿರುವುದು ತಪ್ಪೇ, ಅದಕ್ಕೆ ಯಾರೇನು ಮಾಡಲಾದೀತು, ಒಂದು ದಿನ ಹೇಳಿದ್ದರೆ, ಅಡಿಗೆಮನೆಯಲ್ಲೋ ಹಾಸಿಗೆಯಲ್ಲೋ ಮೆತ್ತಗೆ ಹೇಳಿದ್ದರೆ, ಸಾಯುವತನಕ ಅವನ ಕಣ್ಣಾಗಿರುತ್ತಿದ್ದಳು, ಊರಿನ ಯಾರಿಗೂ ತಿಳಿಯಗೊಡುತ್ತಿರಲಿಲ್ಲ, ಹೇಳದೆಯೇ ಕಣ್ಣಾಗಿದ್ದಳಲ್ಲ — ಆ ಕಣ್ಣನ್ನೇ ಕುರುಡು ಅಂದುಬಿಟ್ಟ, ನಂಬಿ ಆಡಿದ ಮಾತನ್ನೇ ಸಾಕ್ಷಿ ಮಾಡಿಕೊಂಡ, ನಾನು ಕೇಳ್ದೆ, ಅವಳೇ ಸರಿ ಅಂದ್ಲು ಎಂದು ಈಗ ಮಹದೇವಸ್ವಾಮಿಗೆ ಹೇಳುತ್ತಲೂ ಇದ್ದಾನೆ. ಕೀ ಇತ್ತ ಕೊಡು, ಅಶೋಕ ಕೈ ಚಾಚಿದ. ಅವಳು ಮುಷ್ಟಿ ಬಿಗಿ ಮಾಡಿಕೊಂಡು ಅವನ ಹತ್ತಿರಕ್ಕೆ ಹೋದಳು, ಅವನೊಬ್ಬನಿಗೇ ಕೇಳುವಷ್ಟು ಹತ್ತಿರಕ್ಕೆ, ನಾನು ತೊಟ್ಟಿರೋ ರವಿಕೆ ಯಾವ ಬಣ್ಣ ಹೇಳಿ, ಅಂದಳು. ಹೋದ ವಾರ ಹೊಲಿದದ್ದು, ಅಚ್ಚ ಕೆಂಪು, ಬಿಸಿಲಿಗೆ ಬೆಂಕಿಯಾಗಿದೆ. ಅವನು ರವಿಕೆ ನೋಡಿದ, ಒಂದು ಗಳಿಗೆ ತಡೆದ, ನಿನ್ನೆ ತಡೆದ ಹಾಗೆಯೇ, ಅವಳ ಮುಖ ನೋಡಿದ, ಗೊತ್ತಾಯಿತು ಅವನಿಗೆ ಅವಳಿಗೆ ಗೊತ್ತಾದದ್ದು, ಈಗ ಹೇಳುತ್ತಾನೆ, ಈಗ — ನಿನಗೆ ಒಪ್ಪುತ್ತೆ ಬುಡು, ಅಂದ, ಚಾಚಿದ ಕೈ ಚಾಚಿಯೇ ಇತ್ತು, ಹೆಬ್ಬೆಟ್ಟಿನಲ್ಲಿ ನಿನ್ನೆಯ ಕಿಡಿ ಸುಟ್ಟ ಕಲೆ, ಅದೇ ಕೈ, ಹಿಂದೆ ಹಾರ್ನ್ ತಾನಾಗಿ ಕೂಗತೊಡಗಿತು, ಮಹದೇವಸ್ವಾಮಿ ಏನೋ ಕೂಗಿ ಹೇಳುತ್ತಿದ್ದಾನೆ, ಅವಳಿಗೆ ಕಾಣುತ್ತಿರುವುದು ಮುಸ್ಸಂಜೆ, ಮೊಬೈಲಿನ ಬೆಳಕು, ಸರಿ ತಾನೆ, ಆ ಕೈ, ಆ ಕೈಯಲ್ಲಿ ಕೆಂಪು ಕ್ಲಿಪ್ಪು ಬಾಯಿ ತೆರೆದುಕೊಂಡು ಕಪ್ಪು ತುದಿಯ ಮೇಲೆ ಇಳಿಯುತ್ತಿದೆ, ಇಳಿಯುತ್ತಿದೆ, ಕೆಂಪು, ಕಪ್ಪಿನ ಮೇಲೆ ಕೆಂಪು